ಒಂದು ಬೆರಳಗಲ

ಮುರಾಕಾಮಿಯಲ್ಲಿ ಡಿಸೆಂಬರ್ ಎಂದರೆ
ಸೂರಿನಡಿ ತಲೆಕೆಳಗಾಗಿ ತೂಗುವ ಸಾಲ್ಮನ್ ಮೀನು,
ಮೈತುಂಬ ಉಪ್ಪು, ಕಡಲ ಗಾಳಿಗೆ ತೆರೆದ ಬಾಯಿ.
ಹೊಟ್ಟೆಯನ್ನು ಪೂರ್ತಿ ಸೀಳುವುದಿಲ್ಲ ನಾವು;
ನಡುವೆ ಒಂದು ಬೆರಳಗಲ ಹಾಗೇ ಬಿಡುತ್ತೇವೆ.
ಯಾಕೆಂದರೆ ಒಬ್ಬೊಬ್ಬರದು ಒಂದೊಂದು ಕಥೆ.

ಅದೇ ಗಾಳಿ ನನ್ನ ಶೆಡ್ಡಿಗೂ ಬರುತ್ತದೆ.
ಮೀನನ್ನು ಕಾಯುವ ಉಪ್ಪು
ಕಬ್ಬಿಣವನ್ನು ಕಾಯುವುದಿಲ್ಲ.
ಉಪ್ಪು ತಿಂದವರು ನೀರು ಕುಡಿಯಲೇಬೇಕು, ಸರಿ.
ಉಪ್ಪೇ ತಿಂದು ಬಿಟ್ಟದ್ದಕ್ಕೆ ಏನು ಕುಡಿಸಲಿ?

ಇಗಾರಾಶಿ ಎಳೆಸಿ ತಂದದ್ದು ಎಪ್ಪತ್ತೆರಡರ ಫೇರ್‌ಲೇಡಿ.
ಉದ್ದ ಮೂತಿ, ಮೋಟು ಬೆನ್ನು,
ಭತ್ತದ ಗೋದಾಮಿನಲ್ಲಿ ಟಾರ್ಪಾಲು ಹೊದ್ದು
ಇಪ್ಪತ್ತಾರು ವರ್ಷದ ನಿದ್ದೆ.
'ಹೊಸದರ ಹಾಗೆ ಮಾಡಿಕೊಡಿ, ಶಿನೊ-ಸಾನ್' ಅಂದ.
ಹೊಸದು ಹೇಗಿತ್ತೆಂದು ಅವನಿಗೇನು ಗೊತ್ತು,
ಆಗಿನ್ನೂ ಹುಟ್ಟಿರಲಿಲ್ಲ ಪುಣ್ಯಾತ್ಮ.

ಬ್ಯಾಟರಿ ಕೂರುವ ತಟ್ಟೆ ಜರಡಿ.
ಚಾಲಕನ ಕಾಲಡಿ ನೆಲವೇ ಕಾಣುತ್ತಿತ್ತು.
ಬಾಗಿಲ ಕೆಳಗಿನ ಪಟ್ಟಿಗೆ ಸ್ಕ್ರೂಡ್ರೈವರ್ ಒತ್ತಿದರೆ
ಹಪ್ಪಳ ಮುರಿದ ಸದ್ದು.
ಕೆಲಸದ ಹುಡುಗ ರಿಕುಯಾ ನಕ್ಕ.

ಜನವರಿಯೆಲ್ಲ ಬಿಚ್ಚುವುದರಲ್ಲೇ ಹೋಯಿತು.
ಬೋಲ್ಟುಗಳನ್ನು ಚಹಾ ಡಬ್ಬಿಗಳಿಗೆ ಹಾಕಿ ಹೆಸರು ಬರೆದೆ.
ಒಂದರ ಮೇಲೆ ಬರೆದದ್ದು: 'ಎಲ್ಲಿಯದೋ'.
ಕೊನೆಗೆ ಅದರಲ್ಲಿ ಎರಡು ಉಳಿದವು,
ಈಗಲೂ ಇವೆ.

ಎಡಗಡೆಯ ಮುಂದಿನ ಮಡ್‌ಗಾರ್ಡು ಉಜ್ಜುತ್ತಿದ್ದೆ.
ಬೆಳ್ಳಿ ಬಣ್ಣ ಹೋಯಿತು, ಅದರಡಿ ಬಿಳಿ,
ಬಿಳಿಯಡಿ ಹುಟ್ಟುಬಣ್ಣ ಕಿತ್ತಳೆ ಬರಬೇಕಿತ್ತು,
ಬಂದದ್ದು ಸೀಸ.
ಈ ಸೀಮೆಯಲ್ಲಿ ಸೀಸ ಕರಗಿಸಿ ಸವರುತ್ತಿದ್ದವರು ಒಬ್ಬರೇ.
ದೀಪ ಹತ್ತಿರ ತಂದೆ, ಸೀಸ ಇಳಿಸಿದೆ,
ಬರಿಯ ತಗಡಿನ ಮೇಲೆ
ಬಲದಿಂದ ಎಡಕ್ಕೆ ಓರೆಯಾಗಿ ಸುತ್ತಿಗೆಯ ಹೆಜ್ಜೆ.
ಎರಡು ಗಟ್ಟಿ, ಒಂದು ಹಗುರ,
ಎರಡು ಗಟ್ಟಿ, ಒಂದು ಹಗುರ.

ಎಡಗೈಯ ಮಿನೊವಾ ಮೇಷ್ಟ್ರು.

ಎಪ್ಪತ್ತೊಂಬತ್ತರ ಚಳಿಗಾಲ. ಹಿಮದ ಗೋಡೆಗೆ ಗುದ್ದಿದ ಕಾರು.
ಹಿಂದಿನಿಂದ ಉಕ್ಕಿನ ಗಟ್ಟಿ ಒತ್ತಿ ಹಿಡಿದಿದ್ದವಳು ನಾನು, ಹದಿನೇಳರವಳು.
'ನೀನೊಂದು ಹೊಡೆ' ಎಂದು ಸುತ್ತಿಗೆ ಕೊಟ್ಟಿದ್ದರು.
ಹೊಡೆದಿದ್ದೆ.
ಇಗೋ ಇಲ್ಲೇ ಇದೆ, ಉಗುರು ಕಚ್ಚಿದಂಥ ಅರ್ಧಚಂದ್ರ,
ಅದರ ಸುತ್ತ ಅವರ ಸಣ್ಣ ಸಣ್ಣ ಏಟು,
ಅಳುವ ಮಗುವನ್ನು ತಟ್ಟಿ ಮಲಗಿಸಿದ ಹಾಗೆ.
ಆ ದಿನ ಬೈಯಲಿಲ್ಲ. 'ಸೀಸ ಮುಚ್ಚುತ್ತದೆ' ಅಂದರು,
ಬೀಡಿಯಷ್ಟು ಮೋಟಾದ ಸಿಗರೇಟು ಹಚ್ಚಿದರು.

ಹೊಸದರ ಹಾಗೆ ಎಂದರೆ
ಇದನ್ನೂ ಬಡಿದು ಮಟ್ಟ ಮಾಡಬೇಕು.
ಮಾಡಿದೆ. ಇಡೀ ಮಡ್‌ಗಾರ್ಡು ಮಾಡಿದೆ,
ಏಳು ದಿನ, ನನ್ನ ಬಲಗೈಯಲ್ಲಿ.
ಅರ್ಧಚಂದ್ರದ ಹತ್ತಿರ ಬಂದಾಗ
ಊಟದ ಹೊತ್ತಾಗಿತ್ತು.
ಊಟ ಮುಗಿಸಿ ಬಂದು
ಅದರ ಮೇಲೆ ಸೀಸ ಸವರಿದೆ.

ರಿಕುಯಾ ನೋಡಿದ. ಏನೂ ಕೇಳಲಿಲ್ಲ.
ಅವನಿಗೊಂದು ಸುತ್ತಿಗೆ ಕೊಡುವ ಕಾಲ ಬಂದಿದೆ.

ಮಾರ್ಚಿನಲ್ಲಿ ಕಾರ್ಬುರೇಟರು. ಎರಡು,
ಎರಡೂ ಒಂದೇ ಶ್ರುತಿಯಲ್ಲಿ ಉಸಿರೆಳೆಯಬೇಕು.
ರಬ್ಬರ್ ನಳಿಗೆಯ ಒಂದು ತುದಿ ಅದರ ಬಾಯಿಗೆ, ಇನ್ನೊಂದು ಕಿವಿಗೆ.
ನನ್ನ ಕಿವಿಗೆ ಈಗ ಆ ಸಣ್ಣ ಸುಯ್ಲು ಸಿಗುವುದಿಲ್ಲ.
ಹುಡುಗನ ಕಿವಿಗೆ ಕೊಟ್ಟು
ಅವನ ಮುಖ ನೋಡುತ್ತ ಸ್ಕ್ರೂ ತಿರುಗಿಸಿದೆ.
ಹುಬ್ಬು ಗಂಟು, ಗಂಟು, ಇನ್ನೂ ಗಂಟು.
ಬಿಚ್ಚಿತು.

ಏಪ್ರಿಲಿನಲ್ಲಿ ಇಗಾರಾಶಿ ಬಂದ, ಹೊಸ ಶೂ ಹಾಕಿಕೊಂಡು.
ಕಿತ್ತಳೆ ಮೈಮೇಲೆ ಅಂಗೈ ಜಾರಿಸಿದ,
ಅದೇ ಜಾಗದ ಮೇಲೂ ಜಾರಿಸಿದ.
'ಗಾಜಿನ ಹಾಗಿದೆ!'
ಹೌದು ಎಂದೆ.
ಬಿಲ್ಲು ಕೊಟ್ಟೆ, ಬೀಗದ ಕೈ ಕೊಟ್ಟೆ,
ಕಿಟಕಿಗೆ ಬಗ್ಗಿ ಎರಡು ಸಲ ಹೇಳಿದೆ:
ಕಡಲ ದಾರಿಯಲ್ಲಿ ಹೋದ ದಿನ
ಎಷ್ಟೇ ಹೊತ್ತಾಗಲಿ, ಎಷ್ಟೇ ನಿದ್ದೆ ಬರಲಿ,
ಮಲಗುವ ಮೊದಲು ಅದರ ಹೊಟ್ಟೆಯಡಿ
ಸಿಹಿನೀರು ಹಾಯಿಸು.